ಅಕ್ಕಿ ಕಾಳಿನ ಮೇಲೆ ಫೋಕಸ್ಸು

ನಿಂತವರ ಫೋಟೋ ಯಾರು ಬೇಕಾದರೂ ತೆಗೀಬಹುದು ಸ್ವಾಮಿ. ಅಲ್ಲಾಡುವವರ ಫೋಟೋ ತೆಗೀಬೇಕು ಅಂದಾಗಲೇ ಗ್ರಹಚಾರ ಶುರುವಾಗೋದು. ದೊಡ್ಡಬಳ್ಳಾಪುರದಲ್ಲಿ ಮಗ್ಗಗಳ ಸದ್ದಿನ ನಡುವೆ ಇಪ್ಪತ್ತು ವರ್ಷದಿಂದ ಸ್ಟುಡಿಯೋ ಇಟ್ಟುಕೊಂಡಿದ್ದೀನಿ. ಒಂದು ಗ್ರಹಚಾರ ಮುಗೀತು ಅಂತ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಂದು ಕೂತಿರುತ್ತೆ. ಆದರೂ ಈ ಕೆಲಸ ಬಿಡೋಕೆ ಮನಸ್ಸಾಗಿಲ್ಲ. ಯಾಕೆ ಅಂತ ಕೊನೇಲಿ ನಿಮಗೇ ಗೊತ್ತಾಗುತ್ತೆ.

ಹೆಸರು ಬಂದದ್ದು

ಎಂಟು ವರ್ಷದ ಹಿಂದೆ ಆವತಿ ಕಡೆಯ ಒಂದು ಮನೆಯ ದೊಡ್ಡ ಮಗಳ ಮದುವೆ. ನಾನು ಆಗಷ್ಟೇ ಹೊಸ ಆಟೋಫೋಕಸ್ ಕ್ಯಾಮೆರಾ ತಗೊಂಡಿದ್ದೆ. "ಇನ್ಮೇಲೆ ಬಟನ್ ಒತ್ತೋದಷ್ಟೇ ನನ್ನ ಕೆಲಸ, ಮಿಕ್ಕಿದ್ದೆಲ್ಲ ಅದೇ ನೋಡ್ಕೊಳ್ಳುತ್ತೆ" ಅಂತ ಕಂಡಕಂಡವರ ಹತ್ತಿರ ಜಂಬ ಕೊಚ್ಚಿಕೊಂಡಿದ್ದೆ.

ಗಟ್ಟಿಮೇಳ ಶುರುವಾಯ್ತು. ಹುಡುಗ ತಾಳಿ ಕಟ್ಟೋಕೆ ಕೈ ಎತ್ತಿದ. ಇಡೀ ಛತ್ರ ಎದ್ದು ನಿಂತು ಅಕ್ಷತೆ ಎಸೀತು. ನನ್ನ ಕ್ಯಾಮೆರಾಗೆ ಹತ್ತಿರ ಇರೋದೇ ಮುಖ್ಯ ಅನ್ನಿಸಿತೋ ಏನೋ, ಹುಡುಗಿಯನ್ನು ಬಿಟ್ಟು ಅಕ್ಕಿ ಹಿಂದೆ ಓಡಿಹೋಯ್ತು. ಹನ್ನೊಂದು ಫೋಟೋ ಹೊಡೆದಿದ್ದೆ. ಹನ್ನೊಂದರಲ್ಲೂ ಅರಿಶಿನ ಮೆತ್ತಿದ ಒಂದೊಂದು ಕಾಳನ್ನೂ ಎಣಿಸಬಹುದಿತ್ತು. ಹಿಂದೆ ಎರಡು ಬಣ್ಣದ ಮುದ್ದೆ, ಅದೇ ಮದುಮಕ್ಕಳು.

ಹುಡುಗಿಯ ತಾಯಿ ಸ್ಟುಡಿಯೋಗೆ ಬಂದು ಕನ್ನಡಕ ಹಾಕಿಕೊಂಡು ನೋಡಿದರು, ಕನ್ನಡಕ ತೆಗೆದು ನೋಡಿದರು.

"ಏನಪ್ಪಾ, ಅಕ್ಕಿ ಬಲೇ ಚೆನ್ನಾಗಿ ಬಂದಿದೆ. ಸೋನಾ ಮಸೂರಿ ಅಂತಾನೂ ಗೊತ್ತಾಗ್ತೈತೆ. ನನ್ ಮಗ್ಳು ಎಲ್ಲಿ?"

ಆಯಮ್ಮ ಆಲ್ಬಮ್ಮಿನ ಮೊದಲನೇ ಪುಟ ಖಾಲಿ ಬಿಡಿಸಿದರು. ಮನೆಗೆ ಬಂದವರಿಗೆಲ್ಲ ಆ ಖಾಲಿ ಪುಟ ತೋರಿಸಿ ನನ್ನ ಕಥೆ ಹೇಳೋರು. ಒಂದು ಹೆಣ್ಣುಮಗಳ ಜೀವನದಲ್ಲಿ ಒಂದೇ ಸಲ ಬರೋ ಗಳಿಗೆ, ಅದನ್ನ ನಾನು ಕಳೆದುಬಿಟ್ಟಿದ್ದೆ. ಊರಲ್ಲಿ 'ಅಕ್ಕಿ ಫೋಟೋದವನು' ಅಂತಲೇ ಹೆಸರಾಯ್ತು. ಒಂದು ದಿನ ಯಾರೋ ಅಪರಿಚಿತರು ಬಾಗಿಲಲ್ಲಿ ನಿಂತು ಕೇಳಿದರು: "ಇಪ್ಪತ್ತೈದು ಕೆ.ಜಿ. ಚೀಲ ಮನೆಗೆ ತಂದು ಹಾಕ್ತೀರಾ?"

ತಳ್ಳಿಕೊಂಡು ಹೋದವರು

ಹೋದ ವರ್ಷ ಮನುಷ್ಯರ ಕಣ್ಣು ಗುರುತಿಸಿ ಅದರ ಮೇಲೇ ಫೋಕಸ್ ಹಿಡಿಯುವ ಕ್ಯಾಮೆರಾ ತಗೊಂಡೆ. ಈ ಸಲ ಜಂಬ ಇಲ್ಲ, ಮೊದಲು ಅಭ್ಯಾಸ. ಒಂದು ಭಾನುವಾರ ಬೆಳಿಗ್ಗೆ ನೆಲಮಂಗಲ ರಸ್ತೆಯಲ್ಲಿ ಹೊಂಗೆ ಮರದ ಕೆಳಗೆ ನಿಂತು, ಎದುರು ಬರೋ ಬೈಕುಗಳ ಮೇಲೆ ಲೆನ್ಸ್ ಹಿಡಿದೆ.

ಮೊದಲನೇ ಬೈಕಿನವನು ನನ್ನನ್ನ ನೋಡಿದವನೇ ಗಕ್ಕನೆ ತಿರುಗಿಸಿಕೊಂಡು ವಾಪಸ್ ಹೋದ. ಎರಡನೆಯವನು ಹೊಲದ ದಾರಿ ಹಿಡಿದ. ಮೂರನೆಯವರು ದೂರದಲ್ಲೇ ಇಳಿದು, ಬೈಕು ತಳ್ಳಿಕೊಂಡು ಬೆವರು ಸುರಿಸುತ್ತಾ ಬಂದರು.

"ತಳ್ಕೊಂಡ್ ಹೋದ್ರೆ ಹೆಲ್ಮೆಟ್ ಬೇಡ ಅಲ್ವಾ ಸಾರ್?"

"ಅಯ್ಯೋ, ನಾನು ಪೊಲೀಸಲ್ಲ, ಸ್ಟುಡಿಯೋದವನು ಕಣಣ್ಣಾ! ಸ್ವಲ್ಪ ಜೋರಾಗಿ ಓಡಿಸ್ಕೊಂಡ್ ಬಾ, ಫೋಕಸ್ ನೋಡ್ಬೇಕು."

"ಜೋರಾಗಿ ಬೇರೆ ಓಡಿಸ್ಬೇಕಾ? ಎರಡು ಕೇಸ್ ಹಾಕೋಕಾ? ಬಿಡಿ ಸಾರ್, ನನಗೂ ಬುದ್ಧಿ ಐತೆ," ಅಂದವರೇ ತಿರುವು ದಾಟೋವರೆಗೂ ತಳ್ಳಿಕೊಂಡೇ ಹೋದರು.

ಆಮೇಲೆ ಹೆಲ್ಮೆಟ್ ಹಾಕಿದ ಪುಣ್ಯಾತ್ಮರೊಬ್ಬರು ಸಿಕ್ಕರು. ಫೋಕಸ್ ಅವರ ಮೇಲೆ ಕೂತಿತ್ತು. ಅಷ್ಟರಲ್ಲಿ ನಡುವೆ ಒಂದು ಮೇಕೆ ಅಡ್ಡ ಬಂತು. ಕ್ಯಾಮೆರಾ ಬೈಕು ಬಿಟ್ಟು ಮೇಕೆ ಹಿಂದೆ ಹೋಯ್ತು. ಅಕ್ಕಿಯ ಕಥೆಯೇ ಮತ್ತೆ! ಅಲ್ಲೇ ಮರದ ಬುಡದಲ್ಲಿ ಕೂತು ಒಂದೊಂದೇ ಸೆಟ್ಟಿಂಗ್ ಹುಡುಕಿದೆ. ಸಿಕ್ಕೇಬಿಡ್ತು: ಮಧ್ಯೆ ಏನಾದರೂ ಅಡ್ಡ ಬಂದರೆ ತಕ್ಷಣ ಅದರ ಹಿಂದೆ ಹೋಗದೆ, ಮೊದಲು ಹಿಡಿದವರನ್ನೇ ಹಿಡಿದುಕೊಂಡಿರೋ ಹಾಗೆ ಮಾಡೋ ಸೆಟ್ಟಿಂಗು. ಖುಷಿಯಲ್ಲಿ ಮನೆಗೆ ಓಡಿ ಹೆಂಡತಿಗೆ ವಿವರಿಸಿದೆ.

ಅವಳು ಸೊಪ್ಪು ಬಿಡಿಸುತ್ತಲೇ ಹೇಳಿದಳು: "ಚಪಾತಿ ಹಿಟ್ಟು ತರೋಕೆ ಹೋದೋರು ದಾರೀಲಿ ಸಿಕ್ಕವರ ಜೊತೆ ಹೋಗ್ಬಿಡ್ತೀರಲ್ಲ, ಆ ಸೆಟ್ಟಿಂಗು ನಿಮಗೆ ಎಲ್ಲಿ ಬರುತ್ತೆ ನೋಡಿ."

ಹಿಂದೆ ನಿಂತವರು

ಅದೇ ತಿಂಗಳು ಒಬ್ಬ ಮುಖಂಡರ ಹುಟ್ಟುಹಬ್ಬ. ಅವರು ನಡ್ಕೊಂಡು ಬರೋದನ್ನ ಹಿಡೀಬೇಕು. ನಾನು ಕಣ್ಣು ಗುರುತಿಸೋದನ್ನ ಆನ್ ಮಾಡಿಕೊಂಡು, ಅವರ ಕಡೆ ಮುಖ ಮಾಡಿ ಹಿಂದಕ್ಕೆ ಹಿಂದಕ್ಕೆ ನಡೆದೆ. ಮುಖಂಡರು ಕಪ್ಪು ಕನ್ನಡಕ ಹಾಕಿದ್ದರು. ಅವರ ಹಿಂದೆ ಫ್ಲೆಕ್ಸಿನಲ್ಲಿದ್ದ ಅವರದೇ ಮುಖಕ್ಕೆ ಕನ್ನಡಕ ಇರಲಿಲ್ಲ. ಕ್ಯಾಮೆರಾ ಯಾವ ಕಣ್ಣು ಹಿಡೀತು ಅಂತ ಬಿಡಿಸಿ ಹೇಳಬೇಕಾ?

ಮುಂದೆ ನಡೀತಿದ್ದ ಮುಖಂಡರು ಮಂಜು ಮಂಜು. ಫ್ಲೆಕ್ಸಿನ ಮುಖಂಡರು ಮೀಸೆಯ ಕೂದಲೂ ಕಾಣೋಷ್ಟು ಸ್ಪಷ್ಟ. ಬೈಗುಳ ತಿನ್ನೋಕೆ ತಯಾರಾಗಿಯೇ ಫೋಟೋ ತೋರಿಸಿದೆ. ಅವರು ತುಂಬಾ ಹೊತ್ತು ನೋಡಿ ನನ್ನ ಬೆನ್ನು ತಟ್ಟಿದರು.

"ಸರಿಯಾಗಿ ಹಿಡ್ದಿದೀಯ ಗುರು. ಆ ಫ್ಲೆಕ್ಸಲ್ಲಿರೋದು ಹದಿನೈದು ವರ್ಷದ ಹಿಂದಿನ ನಾನು. ಮುಂದೆ ಅಡ್ಡ ನಿಂತವ್ನೆ ನೋಡು, ಆ ಮುದುಕನ್ನ ಅಳಿಸ್ಬಿಡು."

ಲಗ್ನಪತ್ರಿಕೆ

ಕೆಲವು ತಿಂಗಳ ಹಿಂದೆ ಆ ಖಾಲಿ ಪುಟದ ತಾಯಿ ಮತ್ತೆ ಸ್ಟುಡಿಯೋ ಮೆಟ್ಟಿಲು ಹತ್ತಿದರು. ಟೇಬಲ್ ಮೇಲೆ ಲಗ್ನಪತ್ರಿಕೆ ಇಟ್ಟರು. ಎರಡನೇ ಮಗಳ ಮದುವೆ.

"ಅಕ್ಕಾ, ನನಗೇ ಕೊಡ್ತಿದೀರಾ?"

"ಹೂಂನಪ್ಪಾ. ಹೊಸಬರಾದ್ರೆ ಹೊಸ ತಪ್ಪು ಮಾಡ್ತಾರೆ. ನೀನು ಮಾಡೋ ತಪ್ಪು ನನಗೆ ಗೊತ್ತೈತೆ, ಅದನ್ನ ನಾನೇ ನೋಡ್ಕೊಳ್ತೀನಿ."

ಎತ್ತಿದ ಮುಷ್ಟಿಗಳು

ಮದುವೆ ದಿನ ಬೆಳಿಗ್ಗೆ ಆ ಸೆಟ್ಟಿಂಗನ್ನ ನಾಲ್ಕು ಸಲ ನೋಡಿಕೊಂಡೆ. ಈ ಸಲವೂ ಹೋದರೆ ಸ್ಟುಡಿಯೋ ಮುಚ್ಚಿ ನಿಜವಾಗಿ ಅಕ್ಕಿ ಅಂಗಡಿ ಇಡೋದೇ ವಾಸಿ ಅಂದುಕೊಂಡೆ.

ಮುಹೂರ್ತಕ್ಕೆ ಐದು ನಿಮಿಷ ಇರುವಾಗ ಆ ತಾಯಿ ಮೈಕ್ ಕಿತ್ತುಕೊಂಡರು. "ಎಲ್ಲಾರೂ ಕೇಳಿ! ಫೋಟೋದವ್ರು ಕೈ ಎತ್ತೋವರ್ಗೂ ಯಾರೂ ಅಕ್ಷತೆ ಹಾಕಂಗಿಲ್ಲ!"

"ಅಕ್ಕಾ, ಈ ಕ್ಯಾಮೆರಾ ಅಕ್ಕಿಗೆಲ್ಲ ಮೋಸ ಹೋಗಲ್ಲ," ಅಂದೆ. ಯಾರು ಕೇಳ್ತಾರೆ?

ಗಟ್ಟಿಮೇಳ ಮೊಳಗಿತು. ಛತ್ರದ ತುಂಬ ಜನ ಧರಣಿಗೆ ನಿಂತವರ ಹಾಗೆ ಮುಷ್ಟಿ ಎತ್ತಿಕೊಂಡು ನನ್ನನ್ನೇ ನೋಡ್ತಾ ನಿಂತರು. ಹುಡುಗ ಮೊದಲ ಗಂಟು ಹಾಕಿದ, ಎರಡನೆಯದು, ಮೂರನೆಯದು. ಹುಡುಗಿಯ ಕಣ್ಣ ರೆಪ್ಪೆ ಕೂಡ ಸ್ಪಷ್ಟ. ಆ ಸಂತೋಷದಲ್ಲಿ ಕೈ ಎತ್ತೋದನ್ನೇ ಮರೆತೆ.

ಪುರೋಹಿತರು ಕೂಗಿದರು: "ಅಯ್ಯಾ, ಕೈ ಎತ್ತಯ್ಯಾ! ಮುಹೂರ್ತ ಮೀರುತ್ತೆ!"

ಕೈ ಎತ್ತಿದೆ. ಎಲ್ಲರೂ ನನ್ನ ಕಡೆಯೇ ನೋಡ್ತಿದ್ದರಲ್ಲ, ಅರ್ಧ ಅಕ್ಷತೆ ನನ್ನ ತಲೆ ಮೇಲೆ ಬಿತ್ತು.

ಆ ತಾಯಿ ಓಡಿಬಂದು ಸ್ಕ್ರೀನು ನೋಡಿದರು. "ಮುಖ ಬಂದೈತೆ. ನಾಚ್ಕೊಂಡಿರೋದೂ ಕಾಣ್ತೈತೆ." ಆಮೇಲೆ ನನ್ನ ಕಡೆ ತಿರುಗಿದರು. "ಅಕ್ಕಿ ಎಲ್ಲಿ?"

"ನೀವೇ ಬೇಡ ಅಂದ್ರಲ್ಲಕ್ಕಾ!"

"ಅಕ್ಷತೆ ಇಲ್ದಿರೋ ಮದ್ವೆ ಫೋಟೋ ಎಲ್ಲಾದ್ರೂ ಉಂಟಾ?"

"ಇನ್ನೊಂದ್ ಸಲ ಹಾಕ್ಸಿ. ಇದೊಂದ್ ಸಲ ನನ್ನ ನಂಬಿ ಅಕ್ಕಾ," ಅಂದೆ.

ಜನ ನಗ್ತಾ ನಗ್ತಾ ಮತ್ತೆ ಅಕ್ಷತೆ ಎಸೆದರು. ಅಕ್ಕಿ ಅಡ್ಡ ಬಂತು, ಫೋಕಸ್ ಕದಲಲಿಲ್ಲ. ಮುಖವೂ ಇತ್ತು, ಮುಖದ ಸುತ್ತ ಹಾರೋ ಅಕ್ಕಿಯೂ ಇತ್ತು. ಆ ತಾಯಿ ಎಷ್ಟೋ ಹೊತ್ತು ನೋಡಿದರು. ಆಮೇಲೆ ಸೆರಗಲ್ಲಿ ಕಣ್ಣೊರೆಸಿಕೊಂಡು ಹಿಂದಕ್ಕೆ ತಿರುಗಿ ಕೂಗಿದರು.

"ದೊಡ್ಡೋಳೇ, ಗಂಡನ್ನ ಕರ್ಕೊಂಡ್ ಬಾರೇ ಇಲ್ಲಿ!"

ದೊಡ್ಡ ಮಗಳು, ಅಳಿಯ ಇಬ್ಬರನ್ನೂ ಮಂಟಪದ ಮುಂದೆ ನಿಲ್ಲಿಸಿದರು. ಅಳಿಯ ಹೆಂಡತಿಯ ಕತ್ತಿನ ಹಿಂದೆ ಸರ ಹಿಡಿದುಕೊಂಡು, ಕಟ್ಟೋ ಹಾಗೆ ನಟಿಸಬೇಕು.

"ಅತ್ತೇ, ಯೋಚ್ನೆ ಮಾಡೋಕೆ ಎರಡು ದಿನ ಟೈಮ್ ಕೊಡಿ," ಅಂದ ಅಳಿಯ.

"ನನಗೂ ಕೊಡಮ್ಮಾ," ಅಂದಳು ಮಗಳು.

ವಾಲಗದವರು ತಾವಾಗೇ ಗಟ್ಟಿಮೇಳ ಬಾರಿಸಿಬಿಟ್ಟರು. ಅಕ್ಷತೆ ಹಾರಿತು. ಎಂಟು ವರ್ಷ ತಪ್ಪಿಸಿಕೊಂಡಿದ್ದ ಫೋಟೋ ಕೊನೆಗೂ ಸಿಕ್ಕಿತು. ಎಲ್ಲರಿಗಿಂತ ಜಾಸ್ತಿ ಅಕ್ಷತೆ ಎಸೆದವಳು ಅವರ ಆರು ವರ್ಷದ ಮಗಳು, ಎರಡು ಕೈಯಲ್ಲೂ ಎತ್ತೆತ್ತಿ, ಸೀದಾ ಅಪ್ಪನ ಮೂಗಿಗೆ.

ಹಳೇ ಆಲ್ಬಮ್ಮಿನ ಖಾಲಿ ಪುಟಕ್ಕೆ ಆ ಫೋಟೋ ನಾನೇ ಹೋಗಿ ಅಂಟಿಸಿ ಬಂದೆ. ಈಗ ಯಾರೇ ಮನೆಗೆ ಬಂದರೂ ಆಲ್ಬಮ್ ತೋರಿಸೋ ಕೆಲಸ ಆ ಮಗೂದೇ ಅಂತೆ. ಮೊದಲ ಪುಟ ತೆಗೆದು, ಮೂಲೆಯಲ್ಲಿ ಅಕ್ಕಿ ಎಸೀತಿರೋ ತನ್ನ ಮೇಲೆ ಬೆರಳಿಟ್ಟು ಹೇಳುತ್ತಂತೆ:

"ಇದು ನಮ್ಮಪ್ಪ ಅಮ್ಮನ ಮದ್ವೆ. ಮೊದಲ ಸಲ ಸರಿಯಾಗಿ ಆಗ್ಲಿಲ್ವಂತೆ. ಆಮೇಲೆ ನಾನು ಬಂದು ಮಾಡ್ಸಿದೆ."