ನೆಲದ ಜಗಳಗಳೂ ನನ್ನ ಸಿಟ್ಟೂ

ಜಡ್ಜಾಗಿ ಸೇರಿದ ದಿನದಿಂದ ನಿವೃತ್ತಿಯ ಹೊಸ್ತಿಲಿಗೆ ಬಂದಿರುವ ಈ ಹೊತ್ತಿನವರೆಗೂ ನನ್ನ ಪಾಲಿಗೆ ಬಂದದ್ದು ಬರೀ ನೆಲದ ಜಗಳ. ಕೊಲೆ ಕೇಸು ಕೇಳುವ ಸಹೋದ್ಯೋಗಿಗಳು ಸಂಜೆ ಆರಾಮಾಗಿ ಕಾಫಿ ಕುಡಿಯುತ್ತಾರೆ, ಬಿ.ಪಿ. ಮಾತ್ರೆ ನುಂಗುವವಳು ನಾನು. ರಾಯದುರ್ಗ, ಮಡಕಶಿರದಲ್ಲಿದ್ದ ವರ್ಷಗಳಲ್ಲಂತೂ ವಾರಕ್ಕೊಂದು ಕೆಳಗಿನಂಥ ಪ್ರಸಂಗ ಆಗುತ್ತಲೇ ಇತ್ತು. ಕೇಳಿದವರೆಲ್ಲ ನಗುತ್ತಾರೆ. ನನಗೆ ಇವತ್ತಿಗೂ ಸಿಟ್ಟೇ ಬರುತ್ತದೆ.

ದೇವರಿಗೆ ಅರ್ಜಿ

ರಾಯದುರ್ಗದಲ್ಲಿದ್ದಾಗ ಒಂದು ಶನಿವಾರ ನೇಮಕಲ್ಲು ಆಂಜನೇಯನ ದರ್ಶನಕ್ಕೆ ಹೋದೆ. ಕಣ್ಣು ಮುಚ್ಚಿ ಕೈ ಮುಗಿದಿದ್ದೇನೆ, ಪಕ್ಕದಲ್ಲೇ ಒಂದು ದೊಡ್ಡ ಗಂಟಲು ಶುರುವಾಯಿತು.

"ಸ್ವಾಮಿ ಆಂಜನೇಯ, ನಮ್ಮ ಹೊಲದ ಬಂಡಿದಾರಿ ತಾತನ ಕಾಲದಿಂದ ನಮ್ದು. ಎದುರಿನವ್ನು ತೋರ್ಸಿದ ಕಾಗದ ಸುಳ್ಳು. ಅದರಾಗಿನ ಹೆಬ್ಬೆಟ್ಟು ನಮ್ಮಪ್ಪಂದಲ್ಲ..."

ಕಣ್ಣು ಬಿಟ್ಟರೆ, ಸೋಮವಾರ ನನ್ನ ಮುಂದೆ ಬರಬೇಕಿದ್ದ ಕಕ್ಷಿದಾರ! ಮೈಯೆಲ್ಲ ಉರಿಯಿತು.

"ಏನಯ್ಯಾ ಇದು? ಕೇಸಿನ ವಿಷಯ ಜಡ್ಜಿಗೆ ಹೀಗೆಲ್ಲ ಹೇಳಬಾರದು ಅಂತ ಗೊತ್ತಿಲ್ವಾ?"

"ನಿಮಗೆಲ್ಲಿ ಹೇಳೀನ್ರಿ ಅಮ್ಮಾರ? ದೇವರಿಗೆ ಹೇಳಾಕತ್ತೀನಿ. ನೀವು ಯಾಕ ಕೇಳಿಸ್ಕೊಂತೀರಿ?"

ಇಲ್ಲದ ಅಕ್ಕ

ಮಡಕಶಿರದಲ್ಲಿ ಅಣ್ಣತಮ್ಮಂದಿರಿಬ್ಬರು ಹಿಪ್ಪುನೇರಳೆ ತೋಟಕ್ಕಾಗಿ ವರ್ಷಗಟ್ಟಲೆ ಕಿತ್ತಾಡುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಪೂರ್ತಿ ಒಮ್ಮತ: ತೀರಿಕೊಂಡ ತಂದೆಗೆ ತಾವಿಬ್ಬರೇ ವಾರಸುದಾರರು, ಬೇರೆ ಯಾರೂ ಇಲ್ಲ.

ಒಂದು ಮಧ್ಯಾಹ್ನ ನನ್ನ ಕೊಠಡಿಯ ಕಿಟಕಿಯಿಂದ ನೋಡುತ್ತೇನೆ, ಅಗಳಿ ಬಸ್ಸಿನಲ್ಲಿ ಬಂದ ಒಬ್ಬ ಹೆಂಗಸು ಅಂಗಳದ ಬೇವಿನ ಮರದ ಕೆಳಗೆ ಇಬ್ಬರಿಗೂ ಒಂದೇ ಬುತ್ತಿಯಿಂದ ಮುದ್ದೆ ಬಡಿಸುತ್ತಿದ್ದಾಳೆ. ಮರದ ಆ ಕಡೆ ಅಣ್ಣ, ಈ ಕಡೆ ತಮ್ಮ. ಊಟ ಮುಗಿಸಿ ಅಣ್ಣ ಕಟಕಟೆಗೆ ಬಂದಾಗ ಕೇಳಿದೆ, "ಬುತ್ತಿ ತಂದ ಆಯಮ್ಮ ಯಾರು?"

"ನಮ್ಮಕ್ಕ ಮೇಡಂ. ಒಡಹುಟ್ಟಿದೋಳು."

"ಮತ್ತೆ ಬೇರೆ ವಾರಸುದಾರರು ಯಾರೂ ಇಲ್ಲ ಅಂತ ಬರೆಸಿದ್ದೀಯಲ್ಲಾ!"

"ಇಲ್ವಲ್ಲ ಮೇಡಂ. ಅವ್ಳು ಅಕ್ಕ."

ಹಿಂದೆ ನಿಂತಿದ್ದ ತಮ್ಮನೂ ಹೌದು ಹೌದು ಅಂತ ತಲೆಯಾಡಿಸಿದ. ನನ್ನ ಪೆನ್ನು ಮುರಿಯುವುದೊಂದು ಬಾಕಿ. ಅಕ್ಕನನ್ನು ಕೇಸಿಗೆ ಸೇರಿಸಿ, ಅವಳ ಮಾತನ್ನೂ ಕೇಳಿ, ತೋಟವನ್ನು ಮೂರು ಸಮಪಾಲು ಮಾಡಿ ತೀರ್ಪು ಕೊಟ್ಟೆ. ಅದುವರೆಗೆ ಮಾತೇ ಆಡದಿದ್ದ ಅಣ್ಣತಮ್ಮಂದಿರು ಆ ಸಂಜೆ ಒಂದೇ ಆಟೋದಲ್ಲಿ ಒಬ್ಬನೇ ವಕೀಲನ ಮನೆಗೆ ಹೋದರಂತೆ, ನನ್ನ ತೀರ್ಪಿನ ಮೇಲೆ ಅಪೀಲು ಹಾಕಲು.

ಸಾಕ್ಷಿ ಹಾಜರು

ಇದು ಮತ್ತೆ ರಾಯದುರ್ಗದ್ದು. ಕಣೇಕಲ್ಲು ಕಡೆ ಅಕ್ಕಪಕ್ಕದ ಎರಡು ಗದ್ದೆ. ಪಕ್ಕದವನು ಬದು ಒತ್ತಿದ್ದಾನೆ ಅಂತ ಒಬ್ಬ ರೈತ ಕೇಸು ಹಾಕಿದ್ದ. ಹಳೇ ಗಡಿಕಲ್ಲು ಇರುವ ಜಾಗವೇ ಗಡಿ ಅಂತ ಇಬ್ಬರೂ ಒಪ್ಪಿದರು. ಕಲ್ಲಿನಿಂದ ಬದು ಎಷ್ಟು ಸರಿದಿದೆ ಅಂತ ಸರ್ವೇಯರ್ ಅಳೆದರೆ ಮುಗಿಯಿತು. ಮುಂದಿನ ವಾಯಿದೆ ಕೊಟ್ಟು ಖಡಕ್ಕಾಗಿ ಹೇಳಿದೆ, "ಆ ಕಲ್ಲೇ ಈ ಕೇಸಿನ ಮುಖ್ಯ ಸಾಕ್ಷಿ. ಜೋಪಾನ!"

ವಾಯಿದೆಯ ದಿನ ಬಾಗಿಲಲ್ಲಿ ಗದ್ದಲ. ವಾದಿ ಒಂದು ತುದಿ, ಪ್ರತಿವಾದಿ ಇನ್ನೊಂದು ತುದಿ ಹಿಡಿದು, ಮಣ್ಣು ಮೆತ್ತಿದ ಉದ್ದನೆಯ ಕಲ್ಲೊಂದನ್ನು ಏದುಸಿರು ಬಿಡುತ್ತಾ ತಂದು ನನ್ನ ಮುಂದೆ ಧಡ್ ಅಂತ ಇಳಿಸಿದರು.

"ಏನಿದು?"

"ಸಾಕ್ಷಿರಿ ಅಮ್ಮಾರ," ಅಂದ ಪ್ರತಿವಾದಿ. "ಜೋಪಾನ ಅಂದಿದ್ರಲ್ಲ. ಗದ್ದೆಯಾಗ ಬಿಟ್ರ ಯಾರಾರ ಕಿತ್ಗೊಂಡು ಹೋದಾರು ಅಂತ ನಾವೇ ಕಿತ್ಗೊಂಡು ಬಂದ್ವಿ."

ಅಳತೆಗೆ ಇನ್ನೂ ಹೊರಡಬೇಕಿದ್ದ ಸರ್ವೇಯರ್ ತಲೆ ಮೇಲೆ ಕೈ ಹೊತ್ತ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಅಯ್ಯೋ ಪುಣ್ಯಾತ್ಮರಾ! ಬರೀ ಕಲ್ಲು ಇಟ್ಕೊಂಡು ನಾನೇನು ಮಾಡಲಿ? ಇದು ಎಲ್ಲಿತ್ತು?"

ವಾದಿ ವಿನಯದಿಂದ ಕೈ ಮುಗಿದ.

"ಅದನ್ನ ನೀವೇ ಹೇಳಬೇಕ್ರಿ. ಅದಕ್ಕಲ್ಲೇನ್ರಿ ನಾವು ಕೋರ್ಟಿಗೆ ಬಂದಿದ್ದು?"