ಸರ್ವರಿನ ನಾಡಿ ನೋಡಿದ್ದು

ಬನಶಂಕರಿ ಎರಡನೇ ಹಂತದಲ್ಲಿ ಅನಂತರಾಮು ಅವರ ಜಾತಕ ಹೊಂದಿಸುವ ಕಚೇರಿಯಿದೆ. ಊರೂರಿನ ಜೋಯಿಸರು ಅವರ ವೆಬ್‌ಸೈಟಿನಲ್ಲಿ ಹುಡುಗ ಹುಡುಗಿಯ ವಿವರ ತುಂಬಿ ಗುಂಡಿ ಒತ್ತಿದರೆ, ಮಹಡಿಯ ಮೇಲಿನ ಸರ್ವರು ಗ್ರಹಗಳನ್ನೆಲ್ಲ ಕರೆದು ಕೂರಿಸಿಕೊಂಡು ಮೂವತ್ತಾರಕ್ಕೆ ಎಷ್ಟು ಗುಣ ಕೂಡಿತೆಂದು ಕ್ಷಣದಲ್ಲಿ ಹೇಳುತ್ತಿತ್ತು. ಹನ್ನೊಂದು ದಿನದಿಂದ ಅದಕ್ಕೊಂದು ಆಯಾಸ ಹತ್ತಿತ್ತು. ಮಧ್ಯಾಹ್ನ ಮೂರಾದರೆ ಸಾಕು, ಹಬ್ಬದೂಟ ಮುಗಿಸಿದ ಮಾವನ ಹಾಗೆ ಒರಗಿಬಿಡುತ್ತಿತ್ತು. ಐದರವರೆಗೆ ಅಲುಗುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಅನಂತರಾಮು, ಸರ್ವರು ನೋಡಿಕೊಳ್ಳುವ ಚಿದಾನಂದನನ್ನು ಕರೆದರು.

"ಏನ್ರೀ ಚಿದಾನಂದ್, ನಿನ್ನೆ ಮೂವತ್ತು ಜನ ಜೋಯಿಸರು ಫೋನ್ ಮಾಡಿ ಬೈದ್ರು. ಇವತ್ತು ಐದು ಗಂಟೆ ಒಳಗೆ ಕಾರಣ ತೋರಿಸ್ಬೇಕು. ಇಲ್ಲಾಂದ್ರೆ ಸೋಮವಾರದಿಂದ ಹೊರಗಿನ ಕಂಪನಿಗೆ ಕೊಟ್ಬಿಡ್ತೀನಿ. ಆಮೇಲೆ ನಿಮಗಿಲ್ಲಿ ಕೆಲಸ ಇರಲ್ಲ."

ಚಿದಾನಂದನಿಗೆ ಮೂವತ್ನಾಲ್ಕು ತುಂಬಿತ್ತು. ಇನ್ನೂ ಮದುವೆಯಾಗಿರಲಿಲ್ಲ. ಕೆಲಸವೂ ಹೋದರೆ ಹೆಣ್ಣು ಕೊಡುವವರು ಯಾರು?

"ಸರ್, ಒಳಗೇನಾಗ್ತಿದೆ ಅಂತ ನೋಡಕ್ಕೆ ಒಂದು ಮಾನಿಟರಿಂಗ್ ಸಾಫ್ಟ್‌ವೇರ್ ಹಾಕ್ಬೇಕು. ವೈದ್ಯರು ನಾಡಿ ಹಿಡಿದು ನೋಡೋ ಥರ. ನಮ್ಮ ಸರ್ವರ್ ಹಳೇದು, ರೆಡಿ ಸಿಗೋದು ಇದಕ್ಕೆ ಕೂರಲ್ಲ. ಸೋರ್ಸ್ ಕೋಡ್ ತಂದು ಇಲ್ಲೇ ಕಟ್ಬೇಕು."

"ಅಂದ್ರೆ?" ಎಂದರು ಅನಂತರಾಮು ಅವರ ಪತ್ನಿ ಕಾತ್ಯಾಯಿನಿ. ಕಚೇರಿಯ ಫೋನು ಎತ್ತುವವರು ಅವರೇ.

"ಅಂಗಡಿ ಹಿಟ್ಟು ಆಗಲ್ಲ ಮೇಡಂ. ಅಕ್ಕಿ, ಉದ್ದು ನೆನೆಸಿ ನಾವೇ ರುಬ್ಕೋಬೇಕು."

"ಹಾಗನ್ನಿ ಮತ್ತೆ!"

"ರುಬ್ಬಿ, ಆದ್ರೆ ಹನ್ನೆರಡರ ಮೇಲೆ. ಈಗ ರಾಹುಕಾಲ" ಎಂದರು ಅನಂತರಾಮು. ಲೋಕಕ್ಕೆಲ್ಲ ಮುಹೂರ್ತ ಹೇಳುವ ಮನೆಯಲ್ಲಿ ಎದುರು ಮಾತುಂಟೆ? ಚಿದಾನಂದ ಒಂದೂವರೆ ಗಂಟೆ ಕೈಕಟ್ಟಿ ಕುಳಿತ.

ಹನ್ನೆರಡಕ್ಕೆ ಕೋಡು ಇಳಿಸಿಕೊಂಡು ಕೆಲಸಕ್ಕೆ ಹಚ್ಚಿದ. ಅದು ತನಗೆ ಜೊತೆಗೊಂದು ಲೈಬ್ರರಿ, ಅಂದರೆ ಬೇರೊಬ್ಬರು ಬರೆದಿಟ್ಟ ಸಹಾಯಕ ಕೋಡು ಬೇಕೆಂದಿತು. ತಂದುಕೊಟ್ಟರೆ ಆ ಲೈಬ್ರರಿ ಇನ್ನೊಂದರ ಹೆಸರು ಹೇಳಿತು. ಮದುವೆಗೆ ಕರೆಯಲು ಹೋದರೆ "ನಮ್ಮ ಭಾವನನ್ನೂ ಕರೀರಿ" ಎನ್ನುವವರು, ಆ ಭಾವನೋ "ನಮ್ಮ ಷಡ್ಡಕನಿಲ್ಲದೆ ಹೇಗೆ ಬರಲಿ" ಎನ್ನುವವನು, ಅಂಥ ಕಥೆ. ಹೀಗೆ ಏಳು ಮಂದಿಯನ್ನು ಓಲೈಸಿ ಕೂರಿಸಿದ ಮೇಲೆ ಪರದೆಯ ಮೇಲೆ ಅಕ್ಷರಗಳು ಸಾಲುಸಾಲಾಗಿ ಹರಿಯತೊಡಗಿದವು.

ಕಾಫಿ ತಂದ ಅಟೆಂಡರ್ ಕೊಟ್ರಪ್ಪ ಬಾಯಿ ತೆರೆದು ನಿಂತ. "ಏನ್ ಸಾರ್ ಇದು, ಸಹಸ್ರನಾಮ ಓಡ್ದಂಗೆ ಓಡ್ತೈತೆ! ಇಂಥದಕ್ಕೆ ಒಂದು ಊದಿನಕಡ್ಡಿ ಆದ್ರೂ ಹಚ್ಬೇಕು."

ಹಚ್ಚಿದ. ಕಡ್ಡಿ ಗೀರುವಾಗ ಗಾಳಿಗೆ ಆರದಿರಲೆಂದು ಫ್ಯಾನು ನಿಲ್ಲಿಸಿದ. ಮತ್ತೆ ಹಾಕುವುದನ್ನು ಮರೆತ. ಮುಕ್ಕಾಲು ಕೆಲಸ ಆಗುವಷ್ಟರಲ್ಲಿ ಸರ್ವರು ಬಿಸಿಯೇರಿ ತಾನೇ ಆರಿಹೋಯಿತು.

"ಕೊಟ್ರಪ್ಪಾ!"

"ಭಕ್ತಿ ಮಾಡಕ್ಕೋಗಿ ಮರ್ತೋಯ್ತು ಸಾರ್."

ಎರಡನೇ ಸಲ ಚಿದಾನಂದ ಊಟ ಬಿಟ್ಟು, ಫ್ಯಾನು ಹಾಕಿದ್ದೂ ಸಾಲದೆಂದು ರಟ್ಟಿನ ತುಂಡಿನಿಂದ ಸರ್ವರಿಗೆ ಗಾಳಿ ಬೀಸುತ್ತ ಕುಳಿತ. ಮೂರಕ್ಕೆ ಐದು ನಿಮಿಷವಿರುವಾಗ ಕೆಲಸ ಮುಗಿಯಿತು. ಪರದೆಯ ಮೇಲೆ, ಜನ ಗುಂಡಿ ಒತ್ತಿದಷ್ಟೂ ಏರುವ ಒಂದು ಹಸಿರು ಗೆರೆ, ಬೆಳಗಿನ ಜಾವದ ಪುಟ್ಟೇನಹಳ್ಳಿ ಕೆರೆಯಂತೆ ಶಾಂತವಾಗಿ ಮಲಗಿತ್ತು.

ಅನಂತರಾಮು ದಂಪತಿ ಮಹಡಿ ಹತ್ತಿ ಬರುವಷ್ಟರಲ್ಲಿ ಮೂರು ಹೊಡೆಯಿತು. ಗೆರೆ ಮೆಲ್ಲಗೆ ತಲೆಯೆತ್ತಿತು. ಏರಿತು, ಇನ್ನೂ ಏರಿತು, ಗೋಪುರದಂತೆ ನಿಂತಿತು. ಇಷ್ಟು ವರ್ಷ ಬರೀ ಪೆಟ್ಟಿಗೆಯೆಂದುಕೊಂಡಿದ್ದುದರೊಳಗೆ ಉಸಿರಾಟವಿತ್ತು! ಅನಂತರಾಮು ಅವರ ಕೈಗಳು ತಾವಾಗಿ ಮುಗಿದುಕೊಂಡವು.

"ಯಾರ್ ಸಾರ್ ಇಷ್ಟೊಂದು ಒತ್ತೋರು?" ಎಂದ ಕೊಟ್ರಪ್ಪ.

ಚಿದಾನಂದ ಗೆರೆಯ ಮೇಲೆ ಒತ್ತಿದ. ಪಟ್ಟಿ ಬಿಚ್ಚಿಕೊಂಡಿತು. ಎಲ್ಲವೂ ಒಂದೇ ಮನೆಯಿಂದ ಬಂದಿದ್ದವು. ಕಾತ್ಯಾಯಿನಿ ಕನ್ನಡಕ ಹಾಕಿಕೊಂಡು ಓದಿದರು. "ವರ ಚಿದಾನಂದ್, ಹನುಮಂತನಗರ. ವಧು ಮೇಘಶ್ರೀ, ಪುಟ್ಟೇನಹಳ್ಳಿ. ಗುಣ ಹನ್ನೊಂದು. ಮುಂದಿನ ಸಾಲೂ ಅದೇ. ಅದರ ಮುಂದಿನದೂ... ರೀ, ಇದು ನಮ್ಮ ಚಿದಾನಂದ್ ಅಲ್ವೇನ್ರೀ?"

ಬೆವರುತ್ತ ಚಿದಾನಂದ ಮನೆಗೆ ಫೋನ್ ಮಾಡಿದ. ತಾಯಿ ಕಮಲಾದೇವಿಯವರ ದನಿ ಕೋಣೆಗೆಲ್ಲ ಕೇಳಿಸಿತು.

"ಈಗ ಮಾಡ್ಬೇಡ್ವೋ, ಲೆಕ್ಕ ತಪ್ಪುತ್ತೆ! ಮೇಘಶ್ರೀ ಮನೆಯೋರು ಹದಿನೆಂಟು ಗುಣ ಆದ್ರೂ ಕೂಡ್ಲಿ ಅಂದ್ರಲ್ಲ. ಅದಕ್ಕೇ ನಮ್ಮ ಭಜನೆ ಮಂಡಳಿಯ ಹನ್ನೊಂದು ಜನ ಸೇರಿ ಲಕ್ಷ ಸಲ ಕೇಳ್ತೀವಿ ಅಂತ ಸಂಕಲ್ಪ ಮಾಡಿದೀವಿ. ಎಪ್ಪತ್ತೆರಡು ಸಾವಿರ ಆಯ್ತು."

"ಅಮ್ಮಾ, ಅದು ಮಷೀನು! ಎಷ್ಟು ಸಲ ಕೇಳಿದ್ರೂ ಹನ್ನೊಂದೇ ಹೇಳೋದು."

"ಕಲ್ಲಿನ ಬಸವಣ್ಣ ಮಾತ್ರ ಕೇಳಿದ ತಕ್ಷಣ ಹ್ಞೂಂ ಅಂತಾನಾ? ಕೇಳೋದು ನಮ್ಮ ಕೆಲಸ. ಇಡು ಫೋನು."

ಪರದೆಯ ಮೇಲೆ ಗೋಪುರ ಇನ್ನೂ ಬೆಳೆಯುತ್ತಿತ್ತು. ಒಂದೊಂದು ಒತ್ತಿಗೂ ಅದು ಕೂದಲೆಳೆಯಷ್ಟು ಮೇಲೇರುವುದನ್ನು ಎಲ್ಲರೂ ಕಣ್ಣು ಮಿಟುಕಿಸದೆ ನೋಡಿದರು.

"ಸರ್, ನಮ್ಮನೆ ಲೈನ್ ಒಂದನ್ನ ತಡೆದ್ರೆ ಸಾಕು, ಸರ್ವರ್ ಹಗುರ ಆಗ್ಬಿಡುತ್ತೆ" ಎಂದ ಚಿದಾನಂದ.

"ಮುಟ್ಟಬೇಡಿ!" ಅನಂತರಾಮು ಗದರಿದರು. "ಹೆತ್ತ ತಾಯಿ ಸಂಕಲ್ಪ ಮುರಿದ ಪಾಪ ನನಗ್ಯಾಕ್ರೀ? ಕಾರಣ ತೋರಿಸಿದ್ರಿ, ನಿಮ್ಮ ಕೆಲಸ ಉಳೀತು. ಇನ್ಮೇಲೆ ಬೈಯೋ ಜೋಯಿಸರ ಫೋನೆಲ್ಲ ನೀವೇ ಎತ್ಕೊಳ್ಳಿ."

ಇನ್ನು ಇಪ್ಪತ್ತೆಂಟು ಸಾವಿರ, ನಾಲ್ಕೈದು ದಿನ ಬೈಸಿಕೊಂಡರಾಯಿತು ಎಂದು ಚಿದಾನಂದ ಸಮಾಧಾನ ತಂದುಕೊಂಡ. ಮೊದಲನೇ ಜೋಯಿಸರು ಬೈಯುತ್ತಿರುವಾಗಲೇ ಪಟ್ಟಿಯಲ್ಲೊಂದು ಹೊಸ ಸಾಲು ಮೂಡಿತು. ವಧು ಸುರಭಿ. ಬಂದದ್ದು ಇದೇ ಕಟ್ಟಡದಿಂದ.

ತಿರುಗಿ ನೋಡಿದ. ಮೂಲೆಯಲ್ಲಿ ಕಾತ್ಯಾಯಿನಿ ಮೊಬೈಲು ಹಿಡಿದು ಕಣ್ಣುಮುಚ್ಚಿ ಕುಳಿತಿದ್ದರು. ತುಟಿ ಅಲುಗುತ್ತಿತ್ತು, ಬೆರಳು ಒತ್ತುತ್ತಿತ್ತು.

"ನಮ್ಮ ಮಗಳಿಗೂ ಒಂದು ಒಳ್ಳೇ ಕಡೆ ಇದೆ ಚಿದಾನಂದ್, ಗುಣ ಒಂಬತ್ತೇ ಬರ್ತಿದೆ" ಎಂದರು ಅವರು ಮೆಲ್ಲಗೆ. "ನಮ್ಮ ಪಾರಾಯಣದ ಗುಂಪಲ್ಲಿ ನಲವತ್ತು ಜನ ಇದಾರೆ. ಹತ್ತು ಲಕ್ಷ ಅಂದ್ಕೊಂಡಿದೀವಿ."