ಬಲಬದಿಯ ಸೀಟಿನಿಂದ ಒಂದು ‘ಯೆಸ್ ಸರ್’

ತಪ್ಪು ಮಾಡುವುದಕ್ಕಿಂತಲೂ, ಮಾಡಿದ ತಪ್ಪು ಇನ್ನೊಬ್ಬರಿಗೆ ಗೊತ್ತಾಗುವುದೇ ಹೆಚ್ಚು ಭಯಂಕರವಾದದ್ದು ಎಂಬ ನಂಬಿಕೆಯಲ್ಲಿ ನಾನು ಇಷ್ಟು ವರ್ಷ ಬದುಕಿಕೊಂಡು ಬಂದಿದ್ದೇನೆ. ನಮ್ಮ ಕುಟುಂಬದಲ್ಲಿ ಪದವಿ ಪಡೆದ ಮೊದಲಿಗ ನಾನು. ಆದ್ದರಿಂದ ಊರಿನಲ್ಲಿ ಯಾರು ಅರ್ಜಿ ಬರೆಸಬೇಕಾದರೂ ನನ್ನನ್ನೇ ಕರೆಯುತ್ತಿದ್ದರು. ಅರ್ಜಿ ತಿರಸ್ಕೃತವಾದರೆ, “ನಿಮ್ಮ ಅಶ್ರಫ್ ಎಲ್ಲೋ ಒಂದು ಸೊನ್ನೆ ಬಿಟ್ಟಿರಬೇಕು” ಎಂದು ನೇರವಾಗಿ ಅಪ್ಪನ ಬಳಿಗೇ ದೂರು ಹೋಗುತ್ತಿತ್ತು. ಅಂದು ಅಂಟಿದ ಭಯ ಇಂದಿಗೂ ಬಿಟ್ಟಿಲ್ಲ. ವಾಟ್ಸಾಪಿನಲ್ಲಿ ‘ಸರಿ’ ಎಂದು ಕಳುಹಿಸುವ ಮೊದಲೂ ನಾನು ಎರಡು ಬಾರಿ ಓದಿಕೊಳ್ಳುತ್ತೇನೆ.

ಇಂಥ ನಾನು ನೆಲದ ಮೇಲೂ ನೀರಿನ ಮೇಲೂ ಇಳಿಯಬಲ್ಲ ಪುಟ್ಟ ವಿಮಾನವೊಂದರ ಬಳಗವನ್ನು ಸೇರಬಯಸಿದೆನೆಂದರೆ ಅದಕ್ಕೆ ನಮ್ಮ ದೋಹಾ ಆಫೀಸಿನ ಮ್ಯಾನೇಜರ್ ವಿಲ್ಫ್ರೆಡ್ ಸರ್ ಅವರೇ ಕಾರಣ. ಉಡುಪಿಯ ಕಡೆಯವರು, ಆಫೀಸಿನಲ್ಲಿ ನಕ್ಕದ್ದನ್ನು ಆರು ವರ್ಷಗಳಲ್ಲಿ ನಾನು ಕಂಡಿಲ್ಲ. ಅದೇ ಮನುಷ್ಯ ಶುಕ್ರವಾರ ಬೆಳಿಗ್ಗೆ ಅರ್ಧ ಚಡ್ಡಿಯಲ್ಲಿ, ಬರಿಗಾಲಲ್ಲಿ, ತೊಳೆದ ನೀರಿನಲ್ಲೇ ನಿಂತು, ವಿಮಾನದ ಹೊಟ್ಟೆಗೆ ಪೈಪು ಹಿಡಿದು ಕೊಂಕಣಿಯಲ್ಲಿ ಹಾಡುತ್ತಾರೆ! ವಿಮಾನದ ಒಡೆಯ ಅಬು ಸೈಫ್, ನಿವೃತ್ತರಾದ ಕತಾರಿ ಹಿರಿಯರು. ಅವರಿಗೂ ಸರ್‌ಗೂ ಹಾರಿಸುವ ಲೈಸೆನ್ಸ್ ಇದೆ. ಮೂರನೆಯವರು ಉಳ್ಳಾಲದ ಹಮೀದಾಕ, ದೋಹಾ ಅಲ್ ಜದೀದಾದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟವರು. ಅವರಿಗಿರುವುದು ಮಾತನಾಡುವ ಲೈಸೆನ್ಸ್ ಮಾತ್ರ. ಎರಡೇ ಸೀಟಿನ ವಿಮಾನ. ದೋಣಿಗೆ ರೆಕ್ಕೆ ಕಟ್ಟಿ, ಪಕ್ಕಕ್ಕೆ ಮಡಚುವ ಚಕ್ರ ಅಂಟಿಸಿದಂತೆ ಕಾಣುತ್ತದೆ. ಮೂರು ಶುಕ್ರವಾರ ಅದನ್ನು ತೊಳೆದ ನನಗೆ ನಾಲ್ಕನೆಯದರಂದು ಬಲಬದಿಯ ಸೀಟು ಸಿಕ್ಕಿತು. ಅದು ಖಾಯಂ ಆಗುವುದೋ ಇಲ್ಲವೋ ಎಂಬುದನ್ನು ಅಂದೇ ಎಲ್ಲರೂ ಸೇರಿ ತೀರ್ಮಾನಿಸುವವರಿದ್ದರು. ನಾನು ಶೂ ಪಾಲಿಶ್ ಮಾಡಿಕೊಂಡು ಹೋಗಿದ್ದೆ. “ಎಂತ ಅಶ್ರಫ್, ಮೀನುಗಳಿಗೆ ಇಂಟರ್‌ವ್ಯೂ ಕೊಡ್ಲಿಕ್ಕುಂಟಾ?” ಎಂದರು ಹಮೀದಾಕ.

ಬಲಬದಿಯವನ ಕೆಲಸ ಒಂದೇ. ನೆಲಕ್ಕೆ ಇಳಿಯುವಾಗ ಚಕ್ರ ಕೆಳಗಿರಬೇಕು, ನೀರಿಗೆ ಇಳಿಯುವಾಗ ಮೇಲಿರಬೇಕು. ನೀರಿಗೆ ಚಕ್ರ ತಾಗಿದರೆ ವಿಮಾನ ಮೂಗು ಮುಚ್ಚಿಕೊಂಡು ಮಗುಚುತ್ತದೆ. ಆದ್ದರಿಂದ ಇಳಿಯುವ ಮುನ್ನ ಪೈಲಟ್ ಕೆಳಗಿರುವುದು ನೆಲವೋ ನೀರೋ, ಚಕ್ರ ಎಲ್ಲಿದೆ ಎಂದು ಗಟ್ಟಿಯಾಗಿ ಹೇಳುತ್ತಾನೆ, ಪಕ್ಕದವನು ತನ್ನ ಕಿಟಕಿಯಿಂದ ಚಕ್ರವನ್ನು ಕಣ್ಣಾರೆ ನೋಡಿ ಮರುನುಡಿಯುತ್ತಾನೆ.

ರನ್‌ವೇ ಬಿಟ್ಟು ಹತ್ತು ನಿಮಿಷದಲ್ಲಿ ಮರಳು ಮುಗಿದು ಸಮುದ್ರ ಬಂತು. ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಹಸಿರು ಗೆರೆ, ಅದರಾಚೆ ತಳದ ಮರಳು ಕಾಣುವಷ್ಟು ತಿಳಿಯಾದ ನೀರು, ನಮ್ಮದೇ ನೆರಳು ಮೀನಿನಂತೆ ಅದರೊಳಗೆ ಓಡುತ್ತಿತ್ತು. ಅಲ್ ವುಕೈರಿನ ನನ್ನ ಎರಡು ಕೋಣೆಗಳ ಫ್ಲ್ಯಾಟು, ಬಾಕಿ ಉಳಿದ ಫೈಲುಗಳು, ಎಲ್ಲವೂ ಮರೆತೇ ಹೋದವು. ಹಾರಿಸುತ್ತಿದ್ದ ಸರ್ ವಿಮಾನದ ಮೂಗು ಇಳಿಸಿ, “ಇದು ನೀರು, ಚಕ್ರ ಮೇಲೆ” ಎಂದರು. ನಾನು ಕಿಟಕಿಯಿಂದ ನೋಡಿದೆ. ಚಕ್ರ ಕೆಳಗೆ, ಬಹಳ ಆರಾಮವಾಗಿ ನೇತಾಡುತ್ತಿತ್ತು. ರನ್‌ವೇ ಬಿಟ್ಟ ಮೇಲೆ ಸರ್ ಅದನ್ನು ಎತ್ತಿರಲೇ ಇಲ್ಲ.

ನಾನು ಹೇಳಿದೆ: “ಯೆಸ್ ಸರ್. ಚಕ್ರ ಮೇಲೆ.”

ಮ್ಯಾನೇಜರ್ ಮೇಲೆ ಎಂದಮೇಲೆ ಕೆಳಗೆ ಎನ್ನುವ ಅಭ್ಯಾಸ ನನ್ನ ನಾಲಗೆಗೆ ಇರಲಿಲ್ಲ. ಆದರೂ ನೀರು ಹತ್ತಿರವಾದಂತೆ ಸೂಕ್ತ ವಾಕ್ಯವೊಂದನ್ನು ಕಟ್ಟತೊಡಗಿದೆ. “ಸರ್, ತಾವು ಅನ್ಯಥಾ ಭಾವಿಸಬಾರದು...”

“ಹೇಳಿ.”

“ನನ್ನ ಬದಿಯಲ್ಲಿ ಒಂದು ಸಣ್ಣ ವಿಷಯ... ತಮ್ಮ ಗಮನಕ್ಕೆ ತರುವುದು ಉಚಿತವೋ ಅಲ್ಲವೋ...”

ಅಲೆಗಳ ಮೇಲಿನ ನೊರೆ ಎಣಿಸುವಷ್ಟು ಹತ್ತಿರ ಬಂತು. “ಚಕ್ರ ಕೆಳಗುಂಟು ಮಾರಾಯಾ!” ಎಂದು ಕಿರುಚಿದೆ.

ಎಂಜಿನ್ ಗರ್ಜಿಸಿತು, ನೀರು ದೂರ ಸರಿಯಿತು. ಸರ್ ಒಂದು ಸುತ್ತು ಹಾಕಿ, ಚಕ್ರ ಮಡಚಿ, ಇಳಿದರು. ವಿಮಾನದ ಹೊಟ್ಟೆ ನೀರನ್ನು ಸವರಿಕೊಂಡು ಹೋಗಿ ದೋಣಿಯಾಗಿ ತೇಲಿತು. ಅಂಥ ಸೊಗಸಿನ ನಡುವೆಯೂ ನನ್ನನ್ನು ಕೊರೆಯುತ್ತಿದ್ದದ್ದು, ಈಗಷ್ಟೇ ಸಾಯಲಿದ್ದೆನಲ್ಲ ಎಂಬುದಲ್ಲ, ಮ್ಯಾನೇಜರನ್ನು ‘ಮಾರಾಯ’ ಎಂದುಬಿಟ್ಟೆನಲ್ಲ ಎಂಬುದು.

ರನ್‌ವೇಗೆ ಹಿಂದಿರುಗಿ ವಿಮಾನಕ್ಕೆ ಹಿಡಿದ ಸಮುದ್ರದ ಉಪ್ಪು ತೊಳೆಯುವಾಗ ಈ ಬಳಗದಲ್ಲೊಂದು ಪದ್ಧತಿಯಿದೆ. ಪ್ರತಿಯೊಬ್ಬನೂ ಅಂದಿನ ತನ್ನ ತಪ್ಪನ್ನು ತಾನೇ ಹೇಳಬೇಕು; ಇನ್ನೊಬ್ಬನ ತಪ್ಪನ್ನು ಯಾರೂ ಹೇಳುವಂತಿಲ್ಲ. ಸರ್ ಪೈಪು ಹಿಡಿದುಕೊಂಡೇ, “ಚಕ್ರ ಎತ್ತಲು ಮರೆತೆ, ಆದರೆ ಎತ್ತಿದ್ದೇನೆಂದು ಬಾಯಲ್ಲಿ ಹೇಳಿದೆ” ಎಂದರು. ನನ್ನ ವಿಷಯ ಎತ್ತಲಿಲ್ಲ. ಎಲ್ಲರೂ ನನ್ನತ್ತ ತಿರುಗಿದರು.

“ನನ್ನ ಕಡೆಯಿಂದ ವಿಶೇಷವಾಗಿ ಏನೂ ಇಲ್ಲ.”

ಅಬು ಸೈಫ್ ಕರಕ್ ಚಹಾದ ಲೋಟ ಕೆಳಗಿಟ್ಟರು. “ಗಲ್ತಿ ಮಾಫಿ?” ಇಲ್ಲಿನ ಅರಬ್ಬಿಯಲ್ಲಿ ಮಾಫಿ ಎಂದರೆ ಕ್ಷಮೆಯಲ್ಲ, ‘ಇಲ್ಲ’ ಎಂದು.

“ಮಾಫಿ,” ಎಂದೆ, ಒಂದೂ ಇಲ್ಲವೆಂದು ತಲೆಯಾಡಿಸುತ್ತ.

“ಖಲಾಸ್. ಸೀಟ್ ಭೀ ಮಾಫಿ.”

ತಪ್ಪಿಲ್ಲದವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವ ಧೈರ್ಯ ಆ ಮೂವರಲ್ಲಿ ಯಾರಿಗೂ ಇರಲಿಲ್ಲ. ತೊಳೆದದ್ದೆಲ್ಲ ವ್ಯರ್ಥವಾಗುವುದು ಖಚಿತವಾದಾಗ ಬಾಯಿಬಿಟ್ಟೆ. ಚಕ್ರ ಕೆಳಗಿರುವುದನ್ನು ನೋಡಿಯೂ ಮೇಲಿದೆ ಎಂದದ್ದನ್ನು, ಆಮೇಲೆ ವಿನಯದ ಪದಗಳನ್ನು ಹುಡುಕಿದ್ದನ್ನು, ಒಂದನ್ನೂ ಬಿಡದೆ ಹೇಳಿದೆ. ಹಮೀದಾಕ ನಕ್ಕು ನಕ್ಕು ನೀರಿನಲ್ಲೇ ಕುಳಿತರು. ಅಬು ಸೈಫ್ ನನ್ನ ಬೆನ್ನಿಗೊಂದು ಗುದ್ದಿ, “ಯಲ್ಲಾ, ಸೀಟ್ ತುಮ್ಹಾರಾ” ಎಂದರು. ನಗದೆ ಉಳಿದವರು ಸರ್ ಒಬ್ಬರೇ. “ಅಶ್ರಫ್, ಆರು ವರ್ಷದಿಂದ ನಾನು ನೋಡಲು ಕೊಟ್ಟ ಪತ್ರಗಳಿಗೂ ಹೀಗೇ ಯೆಸ್ ಸರ್ ಎಂದಿದ್ದೀರಾ?”

ಇಲ್ಲಿ ಕೆಲಸದ ವಾರ ಶುರುವಾಗುವ ಭಾನುವಾರ ಸರ್ ಕ್ಯಾಬಿನ್ನಿಗೆ ಕರೆದು ಒಂದು ಪತ್ರ ಮುಂದಿಟ್ಟರು. “ಸಂಕೋಚ ಬೇಡ. ನೋಡಿ ಹೇಳಿ.” ಹೊಸ ಮನುಷ್ಯನಾಗಿದ್ದೆನಲ್ಲ, ಪೆನ್ನು ತೆಗೆದು ಮೂರು ತಪ್ಪುಗಳಿಗೆ ಸುತ್ತು ಹಾಕಿದೆ. ಎರಡನೆಯ ಪ್ಯಾರಾವಂತೂ ಯಾವ ಜವಾಬ್ದಾರಿಯುತ ಮನುಷ್ಯನೂ ಬರೆಯುವಂಥದ್ದಲ್ಲ ಎಂದು ಸ್ಪಷ್ಟವಾಗಿಯೇ ಹೇಳಿದೆ. ಸರ್ ತಾಳ್ಮೆಯಿಂದ ಕೇಳಿಸಿಕೊಂಡರು.

“ಇದು ಗುರುವಾರ ನೀವೇ ಮಾಡಿಕೊಟ್ಟ ಕರಡು, ಅಲ್ಲವೇ?”

“ಯೆಸ್ ಸರ್,” ಎಂದೆ. ಆರು ವರ್ಷಗಳಲ್ಲಿ ಅಷ್ಟು ನಿಖರವಾದ ‘ಯೆಸ್ ಸರ್’ ನನ್ನ ಬಾಯಿಂದ ಬಂದಿರಲಿಲ್ಲ.